ಹಗಲು ನಿದ್ದೆಯ ದಾವೆ

ಹೋದ ತಿಂಗಳು ಅವ್ವನ ಕಣ್ಣಿನ ಆಪರೇಷನ್ ಆಯಿತು. ಹನಿ ಔಷಧಿಯ ಜೊತೆಗೆ ಒಂದು ಹತ್ತಿಯ ಸುರುಳಿಯನ್ನೂ ಉಪ್ಪಲ್‌ನ ಔಷಧಿ ಅಂಗಡಿಯಿಂದ ತಂದೆ. ಈಗಲೂ ಅದನ್ನು ಅದೇ ನೀಲಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಮನೆಗೆ ಬಂದು ಕಾಗದ ಬಿಚ್ಚಿದಾಗ ಬಂತಲ್ಲ ಒಂದು ಒಣ ವಾಸನೆ, ಆಸ್ಪತ್ರೆಯದೂ ಅಲ್ಲ, ಬಟ್ಟೆಯದೂ ಅಲ್ಲ... ಕೈ ಹಾಗೇ ನಿಂತಿತು. ಎರಡೂ ಕಿವಿಗೆ ಈ ಹತ್ತಿಯ ಉಂಡೆ ತುರುಕಿಕೊಂಡು, ನೈಟಿಯ ಮೇಲೆ ಟವೆಲ್ ಹೊದ್ದು, ಕೆಂಪು ಕಣ್ಣು ಬಿಟ್ಟು ನಮ್ಮ ಗೇಟಿನ ಮುಂದೆ ನಿಲ್ಲುತ್ತಿದ್ದ ಪಕ್ಕದ ಮನೆಯವರು ಎದುರಿಗೇ ಬಂದ ಹಾಗಾಯಿತು.

ಅವರು ನರ್ಸು. ಬೀದರ್ ಕಡೆಯವರು. ನಾಚಾರಂ ಫ್ಯಾಕ್ಟರಿಗಳ ಹಿಂದಿನ ನಮ್ಮ ಗಲ್ಲಿಯಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ, ಅವರದು ಮತ್ತು ನಮ್ಮದು. ಗೇಟು ದಾಟಿದರೆ ಎಲ್ಲರಿಗೂ ತೆಲುಗು. ಗಲ್ಲಿಯವರೆಲ್ಲ ಅವರನ್ನು ಸಿಸ್ಟರ್ ಅನ್ನುತ್ತಿದ್ದರು, ನಾನು ಸಿಸ್ಟರ್ ಅಕ್ಕ ಅನ್ನುತ್ತಿದ್ದೆ. ಅವ್ವನನ್ನು ಅವರು ಅತ್ತಿಗೆ ಅನ್ನುವ ಹಾಗೆ ವೈನಿ ಎಂದೂ ಅಪ್ಪನನ್ನು ಅಣ್ಣಾರ ಎಂದೂ ಕರೆಯುತ್ತಿದ್ದರು. ಭಾನುವಾರ ಬಂದು ಅವ್ವನ ಬಿ.ಪಿ. ನೋಡಿ, "ವೈನಿ, ಉಪ್ಪಿನಕಾಯಿ ಡಬ್ಬಿ ನನಗ ಕೊಟ್ಟಬಿಡ್ರಿ" ಎಂದು ಗದರಿ, ಅದೇ ಉಪ್ಪಿನಕಾಯಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದು ಹೋಗುತ್ತಿದ್ದರು.

ಅವರಿಗೆ ಮದುವೆಯಾಗಿರಲಿಲ್ಲ. ತಾಯಿ ಮತ್ತು ತಮ್ಮನ ಜೊತೆ ಇದ್ದರು. ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ತಮ್ಮನದು ಹಗಲು ಕೆಲಸ. ಅದಕ್ಕೆ ಇವರು ಆಸ್ಪತ್ರೆಯಲ್ಲಿ ಕೇಳಿಕೊಂಡು ಕಾಯಂ ನೈಟ್ ಡ್ಯೂಟಿ ಹಾಕಿಸಿಕೊಂಡರು. ರಾತ್ರಿ ತಾಯಿಯನ್ನು ತಮ್ಮ ನೋಡಿಕೊಳ್ಳುವುದು, ಹಗಲು ಇವರು. ಬೆಳಿಗ್ಗೆ ಒಂಬತ್ತಕ್ಕೆ ಬಂದು, ತಾಯಿಯ ಮೈ ಒರೆಸಿ, ಉಣ್ಣಿಸಿ, ಹತ್ತೂವರೆಗೆ ಅದೇ ಕೋಣೆಯ ಇನ್ನೊಂದು ಮಂಚದ ಮೇಲೆ ಮಲಗುತ್ತಿದ್ದರು. ಮಧ್ಯಾಹ್ನ ಮೂರೂವರೆತನಕ. ಅಷ್ಟೇ ಅವರ ನಿದ್ದೆ.

ಆ ಕೋಣೆಯ ಗೋಡೆಯೇ ಎರಡೂ ಮನೆಗಳ ಗಡಿ. ಸಣ್ಣ ಸಣ್ಣ ಪ್ಲಾಟುಗಳು, ಯಾರೂ ಜಾಗ ಬಿಟ್ಟು ಕಟ್ಟಿರಲಿಲ್ಲ.

ನಮ್ಮ ಅಪ್ಪ ಯಾದಗಿರಿ ಕಡೆಯಿಂದ ಬಂದು ನಾಚಾರಂನ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಪ್ರೆಸ್ ಶಾಪಿನಲ್ಲಿ ದುಡಿದವನು. ಉಪ್ಪಲ್ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ದಿನಗಳು ಅವು. ಆ ಫ್ಯಾಕ್ಟರಿ ಬಾಗಿಲು ಹಾಕಿತು. ಮಾಲೀಕರು ಮಾರಾಟಕ್ಕಿಟ್ಟ ಹಳೆಯ ಪವರ್ ಪ್ರೆಸ್ ಒಂದನ್ನು ಅಪ್ಪ ತಂದು, ಮನೆಯ ಪಕ್ಕದ ಖಾಲಿ ಜಾಗದಲ್ಲಿ ತಗಡಿನ ಶೆಡ್ ಹಾಕಿ, ಸರಿಯಾಗಿ ಆ ಗಡಿ ಗೋಡೆಗೆ ಒತ್ತಿ ನಿಲ್ಲಿಸಿದ. ವೈರು ಎಳೆಯಲು ಅಲ್ಲೇ ಅನುಕೂಲ ಎನ್ನುವುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಪ್ರೆಸ್ ನೋಡದವರಿಗೆ ಹೇಳುವುದಾದರೆ, ಆಳೆತ್ತರದ ಕಬ್ಬಿಣದ ಯಂತ್ರ, ಬದಿಗೆ ಒಂದು ದೊಡ್ಡ ಗಾಲಿ. ಪೆಡಲ್ ತುಳಿದರೆ ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ಬಿದ್ದು ನಡುವಿನ ಕಬ್ಬಿಣವನ್ನು ಕತ್ತರಿಸುತ್ತದೆ. ಅಚ್ಚಿಗೆ ಡೈ ಅನ್ನುತ್ತಾರೆ. ಎರಡು ತರದ ಕೆಲಸ ಬರುತ್ತಿತ್ತು. ತೆಳು ತಗಡಿನ ವಾಷರು ಹೊಡೆಯುವಾಗ ಟಕ್ ಟಕ್ ಅನ್ನುವಷ್ಟೇ ಸದ್ದು. ದಪ್ಪ ಪ್ಲೇಟಿನ ಬ್ರಾಕೆಟ್ ಹೊಡೆಯುವಾಗ ಮಾತ್ರ ನೆಲವೇ ಒಮ್ಮೆ ಕುಸಿದು ಎದ್ದ ಹಾಗೆ ಆಗುತ್ತಿತ್ತು. ನಮಗೆ ಹೆಚ್ಚಾಗಿ ಬರುತ್ತಿದ್ದದ್ದು ಬ್ರಾಕೆಟ್ಟೇ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅಪ್ಪ ಹೊಡೆಯುತ್ತಿದ್ದ. ನಾನು ಆಗ ನಾರಾಯಣಗೂಡದ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ. ರಜೆ ಇದ್ದಾಗ ನಾನೂ ಪೆಡಲ್ ತುಳಿಯುತ್ತಿದ್ದೆ. ಆ ಕೆಲಸ ನನಗೆ ಇಷ್ಟವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ಸಿಸ್ಟರ್ ಅಕ್ಕ ನಗುತ್ತಲೇ ಹೇಳಿದರು. ಆಮೇಲೆ ಅವ್ವನ ಮೂಲಕ ಹೇಳಿಸಿದರು. ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದರು. ಸದ್ದು ತಡೆಯಬಹುದು, ಮಂಚ ಅಲುಗುವುದನ್ನು ಹತ್ತಿ ತಡೆಯುವುದಿಲ್ಲವಲ್ಲ. ಒಂದು ಮಧ್ಯಾಹ್ನ ಗೇಟು ತೆಗೆದುಕೊಂಡು ನೇರವಾಗಿ ಒಳಗೆ ಬಂದರು. ವರಾಂಡದ ಗೋಡೆಯಲ್ಲಿದ್ದ ಮೇನ್ ಸ್ವಿಚ್ ಕೆಳಗೆ ಎಳೆದರು. ಹಾಗೇ ಹೋಗಿ ಮಲಗಿಕೊಂಡರು. ಅಪ್ಪ ಕೂಗಾಡಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮರುದಿನ ಅಪ್ಪ ಸ್ವಿಚ್ಚಿಗೆ ಡಬ್ಬಿ ಮಾಡಿಸಿ ಬೀಗ ಹಾಕಿದ.

ಅದಾಗಿ ಕೆಲವು ದಿನಕ್ಕೆ ಅವರು ಮತ್ತೆ ಬಂದರು. ಅವತ್ತು ಯೂನಿಫಾರ್ಮಿನಲ್ಲೇ ಇದ್ದರು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಅಣ್ಣಾರ, ನಿನ್ನೆ ಡ್ಯೂಟಿಯೊಳಗ ಕೂತಲ್ಲೇ ಕಣ್ಣು ಮುಚ್ಚಿದ್ವು. ಒಬ್ಬರ ಸಲೈನ್ ಮುಗದು ನಳಿಗ್ಯಾಗ ರಕ್ತ ಏರಿತ್ತು. ಅವರ ಹೆಂಡತಿ ಬಂದು ನನ್ನ ಎಬ್ಬಿಸಿದ್ಲು. ಏನೂ ಆಗಲಿಲ್ಲ ಖರೆ. ನಾಳೆ ಆದ್ರ?"

ಅಪ್ಪ ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಹಗಲೊತ್ತು ದುಡೀಬ್ಯಾಡ ಅಂದ್ರ ಹೆಂಗ್ರಿ ಸಿಸ್ಟರ್? ರಾತ್ರಿ ನಡಸಿದ್ರ ನೀವು ಬಂದು ಜಗಳಾ ಮಾಡ್ರಿ, ನಾ ತಲೀ ಬಗ್ಗಸತೀನಿ" ಅಂದ.

"ದುಡೀಬ್ಯಾಡ್ರಿ ಅನ್ನಾಕತ್ತಿಲ್ಲರಿ. ಆ ಗ್ವಾಡಿ ಬಿಟ್ಟು ಈಚೆ ಹಾಕ್ರಿ. ಇಲ್ಲಾ, ದಪ್ಪ ಕೆಲಸ ನಾಕರ ಮ್ಯಾಲ ಮಾಡ್ರಿ."

"ನನ್ನ ಜಾಗಾದಾಗ ಎಲ್ಲಿ ಏನ ಇಡಬೇಕು ಅನ್ನೋದು ನನಗ ಬಿಡ್ರಿ" ಅಂದ ಅಪ್ಪ.

ಇಪ್ಪತ್ತು ವರ್ಷ ಇನ್ನೊಬ್ಬರ ಜಾಗದಲ್ಲಿ ದುಡಿದವನಿಗೆ ಆ ಮಾತು ಆಡುವ ಆಸೆ ಎಷ್ಟಿತ್ತೋ... ಸಿಸ್ಟರ್ ಅಕ್ಕ "ಆತು" ಎಂದು ಹೋದರು. ಮುಂದಿನ ತಿಂಗಳು ಕೋರ್ಟಿನಿಂದ ಸಮನ್ಸ್ ಬಂತು. ಪ್ರೆಸ್ಸಿನ ಸದ್ದು ಮತ್ತು ಅದುರಾಟ ತನ್ನ ಮನೆಯಲ್ಲಿ ತಾನು ನೆಮ್ಮದಿಯಿಂದ ಇರುವುದಕ್ಕೆ ಅಡ್ಡಿಯಾಗಿದೆ, ಅದನ್ನು ತಡೆಯಬೇಕು ಎಂದು ದಾವೆ. ಜೊತೆಗೆ, ದಾವೆ ಮುಗಿಯುವತನಕ ತಾತ್ಕಾಲಿಕ ತಡೆಯಾಜ್ಞೆ ಬೇಕೆಂದು ಒಂದು ಅರ್ಜಿ.

ನಾರಾಯಣಗೂಡದಲ್ಲಿ ಅಪ್ಪನಿಗೆ ಪರಿಚಯದವರೊಬ್ಬರು ಹೇಳಿದ ವಕೀಲರಿದ್ದರು, ವಯಸ್ಸಾದವರು. ಕಾಗದ ಓದಿ ಹೇಳಲು ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ. ಅವರು ತೆಲುಗು, ಹಿಂದಿ ಬೆರೆಸಿ ನಿಧಾನವಾಗಿ ತಿಳಿಸಿದರು. ತನ್ನ ಜಾಗದಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಹುದು, ಆದರೆ ಪಕ್ಕದವನು ಅವನ ಜಾಗದಲ್ಲಿ ಇರಲಾರದ ಹಾಗೆ ಮಾಡಬಾರದು. ಎಷ್ಟು ತೊಂದರೆಯಾದರೆ ಅದು ಮಿತಿ ಮೀರಿದ್ದು ಅಂತ ನೋಡುವಾಗ ಊರು, ಜಾಗ, ಹೊತ್ತು ಎಲ್ಲ ಲೆಕ್ಕಕ್ಕೆ ಬರುತ್ತವೆ. ಇದು ನಾಚಾರಂ, ಸುತ್ತ ಫ್ಯಾಕ್ಟರಿ, ಸದ್ದು ಇರುವುದೇ. ಮೇಲಾಗಿ ಕಾನೂನು ನೋಡುವುದು ಸಾಧಾರಣ ಮನುಷ್ಯನನ್ನು. ಸಾಧಾರಣ ಮನುಷ್ಯ ರಾತ್ರಿ ಮಲಗುತ್ತಾನೆ. ಹಗಲು ಮಲಗುವುದು ಆಕೆಯ ವಿಶೇಷ, ಅದಕ್ಕೆ ನೀವು ಹೊಣೆಯಲ್ಲ. ಇಷ್ಟು ಹೇಳಿ ಅವರು ಕನ್ನಡಕ ತೆಗೆದರು. ಒಂದೇ ಒಂದು ಅಳುಕಿದೆ, ಸುಲಭವಾಗಿ ತೊಂದರೆ ಕಡಿಮೆ ಮಾಡಬಹುದಿತ್ತು, ಆದರೂ ಮಾಡಲಿಲ್ಲ ಎಂದು ಜಡ್ಜ್ ಅವರಿಗೆ ಅನ್ನಿಸಬಾರದು ಅಂದರು. ಅಪ್ಪ ಆ ಕೊನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ, ಆದರೆ ಮತ್ತೆ ನೆನಪಿಸಲಿಲ್ಲ.

ನಮ್ಮ ಕಡೆಯ ಉತ್ತರ ಕೋರ್ಟಿಗೆ ಹೋಯಿತು. ಒಂದು ವಾರದ ನಂತರ ಸಿಸ್ಟರ್ ಅಕ್ಕ ಗಲ್ಲಿಯ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಅದರ ಪ್ರತಿ ಇತ್ತು. ಒಂದು ಸಾಲಿನ ಮೇಲೆ ಬೆರಳಿಟ್ಟು, "ತಂಗಿ, ನೀ ಓದಾಕಿ ಇದ್ದಿ, ಹೇಳು. ಇಲ್ಲಿ ಅಬ್‌ನಾರ್ಮಲ್ ಅಂತ ಬರದಾರಲ್ಲ, ಅದು ನನಗ ಅಂದದ್ದೇನು?" ಎಂದರು.

ಅದು ಕೋರ್ಟಿನ ಭಾಷೆ ಅಕ್ಕ, ನಿಮ್ಮ ನಿದ್ದೆಯ ಹೊತ್ತಿನ ಬಗ್ಗೆ ಅಂದದ್ದು ಎಂದೆ. ಅವರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. "ನಾವು ರಾತ್ರಿ ಎಚ್ಚರ ಇರೋದು ನಾರ್ಮಲ್ ಮಂದಿ ಮಲಗಲಿ ಅಂತ ಅಲ್ಲೇನು" ಅಂದು ಬಸ್ಸಿಗೆ ಹೋದರು. ಸಿಟ್ಟಿನಲ್ಲಿ ಅಂದ ಮಾತಲ್ಲ. ನಿಜವಾಗಲೂ ಕೇಳುವ ಹಾಗೆ ಅಂದರು.

ಕೋರ್ಟು ಸ್ಥಳ ನೋಡಿ ವರದಿ ಕೊಡಲು ಒಬ್ಬ ವಕೀಲೆಯನ್ನು ಕಮಿಷನರ್ ಮಾಡಿ ಕಳಿಸಿತು. ಯಾವ ದಿನ ಬರುತ್ತಾರೆ ಎಂದು ಎರಡೂ ಕಡೆಗೆ ಮೊದಲೇ ನೋಟಿಸು ಬರುತ್ತದೆ. ಆ ಶನಿವಾರ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಅಪ್ಪ ಬ್ರಾಕೆಟ್ ಡೈ ಬಿಚ್ಚಿ ವಾಷರ್ ಡೈ ಕೂರಿಸುತ್ತಿದ್ದ. ವಾಷರಿನ ಆರ್ಡರ್ ಆ ವಾರ ಇರಲೇ ಇಲ್ಲ. ನಾನು ಸ್ಪ್ಯಾನರ್ ಹಿಡಿದು ಕೊಟ್ಟೆ.

ಕಮಿಷನರ್ ಮೇಡಂ ಚಿಕ್ಕ ವಯಸ್ಸಿನವರು, ಅಚ್ಚುಕಟ್ಟು. ಗೋಡೆಯಿಂದ ಪ್ರೆಸ್ಸಿಗೆ ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆದು ಬರೆದುಕೊಂಡರು. ಆಮೇಲೆ ಪಕ್ಕದ ಮನೆಗೆ ಹೋಗಿ, ಕೋಣೆಯ ಕಿಟಕಿ ಕಟ್ಟೆಯ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟು, ಪ್ರೆಸ್ ನಡೆಸಿ ಎಂದು ಹೇಳಿ ಕಳಿಸಿದರು. ಪೆಡಲ್ ಮೇಲೆ ಇದ್ದವಳು ನಾನು. ಟಕ್, ಟಕ್, ಟಕ್. ಹತ್ತು ನಿಮಿಷ ಹೊಡೆದೆ. ಲೋಟದ ನೀರು ಅಲುಗಿತೋ ಇಲ್ಲವೋ ಅನ್ನುವ ಹಾಗಿತ್ತಂತೆ.

ಅವರು ವಾಪಸು ನಮ್ಮ ಶೆಡ್ಡಿಗೆ ಬಂದರು. ಹಿಂದೆ ಸಿಸ್ಟರ್ ಅಕ್ಕನೂ ಬಂದರು. "ಮೇಡಂ, ಇವತ್ತು ಬೇರೆ ಕೆಲಸ ನಡೆಸಿದ್ದಾರೆ. ದಿನಾ ಹೀಗಿರುವುದಿಲ್ಲ" ಎಂದು ತೆಲುಗಿನಲ್ಲಿ ಹೇಳಿದರು. ಮೇಡಂ ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ಕಾಲೇಜು ಹುಡುಗಿ, ನಿಜ ಹೇಳುತ್ತಾಳೆ ಅಂದುಕೊಂಡಿರಬೇಕು.

"ರೋಜೂ ಇಂತೇನಾ ಅಮ್ಮಾ?" ಅಂದರು. ದಿನವೂ ಇಷ್ಟೇನಾ ಅಂತ.

"ಇಂತೇ ಮೇಡಂ" ಅಂದೆ.

ಅವರು ಬರೆದುಕೊಂಡರು. ಸಿಸ್ಟರ್ ಅಕ್ಕ ನನ್ನನ್ನು ನೋಡಿದರು. ಆಮೇಲೆ ಡೈಯನ್ನು ನೋಡಿದರು. ತಾಯಿಗೆ ಊಟ ಮಾಡಿಸುವ ಹೊತ್ತಾಯಿತು ಎಂದು ಮೇಡಂಗೆ ಕೈ ಮುಗಿದು ಹೋದರು.

ವರದಿಯ ಮೇಲೆ ತಡೆಯಾಜ್ಞೆಯ ಅರ್ಜಿ ವಜಾ ಆಯಿತು. ಅಪ್ಪ ಮೈಸೂರು ಪಾಕ್ ತಂದ. ಅವ್ವ ಡಬ್ಬಿಯನ್ನು ಮುಟ್ಟಲಿಲ್ಲ, ಅದು ಇರುವೆ ಮುತ್ತಿ ಹೋಯಿತು. ಸೋಮವಾರದಿಂದ ಮತ್ತೆ ಬ್ರಾಕೆಟ್. ಮುಖ್ಯ ದಾವೆ ಮಾತ್ರ ಉಳಿದುಕೊಂಡು, ವಾಯಿದೆಯಿಂದ ವಾಯಿದೆಗೆ ಒಂದೂವರೆ ವರ್ಷ ನಡೆಯಿತು. ಅಷ್ಟು ದಿನವೂ ಸಿಸ್ಟರ್ ಅಕ್ಕ ಗಲ್ಲಿಯಲ್ಲಿ ಸಿಕ್ಕರೆ ಮಾತು ಬಿಡಲಿಲ್ಲ. ಪರೀಕ್ಷೆ ಯಾವಾಗ, ರಕ್ತ ಕಮ್ಮಿ ಇದ್ದಂಗ ಕಾಣತೈತಿ, ಬೆಲ್ಲ ತಿನ್ನು, ಹೀಗೆ. ಬಿ.ಪಿ. ನೋಡಲು ಮಾತ್ರ ಒಳಗೆ ಬರುತ್ತಿರಲಿಲ್ಲ. ಅವ್ವನೇ ಗೇಟಿಗೆ ಹೋಗಿ ತೋಳು ಚಾಚುತ್ತಿದ್ದಳು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಒಂದು ಸಲ ಮನೆ ಬಾಗಿಲಿನ ಬೀಗಕ್ಕೆ ಆಸ್ಪತ್ರೆಯ ಕಪಾಟಿನ ಕೀಲಿ ಹಾಕಿ ತಿರುವುತ್ತ ನಿಂತಿದ್ದನ್ನು ನೋಡಿದೆ. ಎಷ್ಟೋ ಹೊತ್ತು ತಿರುವಿದರು, ಪಾಪ.

ಕೊನೆಗೆ ದಾವೆ ವಿಚಾರಣೆಗೆ ಬಂತು. ನಮ್ಮ ಕಡೆಯ ಸಾಕ್ಷಿಗಳಲ್ಲಿ ನನ್ನ ಹೆಸರಿತ್ತು. ವಕೀಲರು ನನ್ನ ಪರವಾಗಿ ಅಫಿಡವಿಟ್ ಟೈಪ್ ಮಾಡಿಸಿ ಇಟ್ಟಿದ್ದರು. ಕಮಿಷನರ್ ಬಂದ ದಿನ ಕೇಳಿದ ಸದ್ದಿಗಿಂತ ಹೆಚ್ಚಿನ ಸದ್ದು ಈ ಯಂತ್ರದಿಂದ ಯಾವತ್ತೂ ಬಂದಿಲ್ಲ, ಇದು ನನ್ನ ಸ್ವಂತ ತಿಳಿವಳಿಕೆಯಿಂದ ಹೇಳುವ ಸತ್ಯ ಎಂದು ಬರೆದಿತ್ತು. ಶೆಡ್ಡಿನಲ್ಲಿ ಬಾಯಿಗೆ ಬಂದದ್ದು ಎರಡೇ ಮಾತು. ಇಲ್ಲಿ ಅದು ಪೂರ್ತಿ ಪುಟ ಆಗಿತ್ತು, ಕೆಳಗೆ ನನ್ನ ಹೆಸರು. ಪೆನ್ನು ತೆಗೆದುಕೊಂಡೆ. ಮತ್ತೆ ಕೆಳಗಿಟ್ಟೆ.

"ಅಪ್ಪಾ, ಇದು ನನ್ನಿಂದ ಆಗಂಗಿಲ್ಲ."

ವಕೀಲರು ಬೇರೆ ಕಡೆ ನೋಡಿದರು. ಅಪ್ಪ, "ಯಾಕ? ನಾ ಸುಳ್ಳ ಹೇಳತೀನಿ ಅಂತೀ?" ಅಂದ.

"ಡೈ ಬದಲಿ ಮಾಡುವಾಗ ಸ್ಪ್ಯಾನರ್ ಹಿಡದಾಕಿ ನಾನ" ಅಂದೆ.

ಎರಡು ದಿನ ಬಿಟ್ಟು ಹನ್ನೊಂದು ಗಂಟೆಗೆ ಅಪ್ಪ ನನ್ನನ್ನು ಶೆಡ್ಡಿಗೆ ಕರೆದು, ದಪ್ಪ ಪ್ಲೇಟು ತೋರಿಸಿ, ಬ್ರಾಕೆಟ್ ಹೊಡಿ, ನಾ ಬರೋತನಕ ನಿಲ್ಲಿಸಬ್ಯಾಡ ಅಂದ. ಗೇಟು ತೆಗೆದುಕೊಂಡು ಹೊರಗೆ ಹೋದ.

ನಾನು ಹೊಡೆಯುತ್ತ ಹೋದೆ. ಅಪ್ಪ ಎಲ್ಲಿಗೆ ಹೋಗಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಸುಮಾರು ಇಪ್ಪತ್ತು ನಿಮಿಷದ ಮೇಲೆ ಬಂದು ಅವನೇ ಕೈ ಚಾಚಿ ಮೋಟರ್ ಬಂದ್ ಮಾಡಿದ. ದೊಡ್ಡ ಗಾಲಿ ತಿರುಗಿ ತಿರುಗಿ ತಾನಾಗೇ ನಿಲ್ಲುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು. "ಸಾಕು" ಅಂದ. ಆ ದಿನ ಮತ್ತೆ ಪ್ರೆಸ್ ನಡೆಯಲಿಲ್ಲ.

ಅಪ್ಪ ಹೋಗಿದ್ದು ಪಕ್ಕದ ಮನೆಗೆ. ಅಲ್ಲಿ ನಡೆದದ್ದನ್ನು ಸಿಸ್ಟರ್ ಅಕ್ಕ ಅವ್ವನಿಗೆ ಹೇಳಿ, ಅವ್ವನಿಂದ ನನಗೆ ಗೊತ್ತಾಯಿತು. ಅಪ್ಪ ಹೋಗಿ ಬಾಗಿಲು ತಟ್ಟಿ, "ನಿಮ್ಮ ಕ್ವಾಣ್ಯಾಗ ಒಂದ್ ಸ್ವಲ್ಪ ಕುಂದ್ರಲೇನು?" ಎಂದು ಕೇಳಿದನಂತೆ. ಅವರು ಒಳಗೆ ಕರೆದು ತಮ್ಮ ಮಂಚ ತೋರಿಸಿದರಂತೆ. ಅಪ್ಪ ಮಂಚದ ಮೇಲೆ ಕೂರದೆ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತ. ಪ್ರತಿ ಏಟಿಗೂ ಗೋಡೆ ಅವನ ಬೆನ್ನಿಗೆ ಬಡಿಯುತ್ತಿತ್ತು. ಆಚೆ ಮಂಚದ ಮೇಲಿದ್ದ ಮುದುಕಿ ಪ್ರತಿ ಏಟಿಗೂ ಮುರಿದ ಸೊಂಟದ ಮೇಲೆ ಕೈ ಇಟ್ಟು ಒತ್ತಿ ಹಿಡಿಯುತ್ತಿದ್ದರು. ಅದು ಅವರಿಗೆ ರೂಢಿಯೇ ಆಗಿಬಿಟ್ಟಿತ್ತು. ಒಂದು ಸಲ ಕೈ ತೆಗೆದು, "ಊಟ ಆತೇನಪ್ಪಾ?" ಎಂದು ಅಪ್ಪನನ್ನು ಕೇಳಿದರಂತೆ. ಸಿಸ್ಟರ್ ಅಕ್ಕ ಇದನ್ನು ಕೋರ್ಟಿನಲ್ಲಿ ಹೇಳಿರಲಿಲ್ಲ. ತಾಯಿಯ ನೋವನ್ನು ದಾವೆಯಲ್ಲಿ ಬರೆಸಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಮುಂದಿನ ವಾಯಿದೆಯಲ್ಲಿ ಎರಡೂ ಕಡೆಯವರು ರಾಜಿ ಅರ್ಜಿ ಕೊಟ್ಟರು. ಪ್ರೆಸ್ಸನ್ನು ಗೋಡೆಯಿಂದ ಸರಿಸಿ ಶೆಡ್ಡಿನ ಆಚೆ ತುದಿಗೆ ಹಾಕುವುದು, ಕೆಳಗೆ ಗುಂಡಿ ತೋಡಿ ರಬ್ಬರ್ ಹಾಸಿ ಕೂರಿಸುವುದು, ದಪ್ಪ ಕೆಲಸ ನಾಲ್ಕರ ಮೇಲೆ. ದಾವೆಗೆ ಮೊದಲು ಯೂನಿಫಾರ್ಮಿನಲ್ಲಿ ಬಂದ ದಿನ ಅವರು ಕೇಳಿದ್ದೂ ಹೆಚ್ಚುಕಡಿಮೆ ಇಷ್ಟೇ. ಜಡ್ಜ್ ಅವರು ಓದಿ ರುಜು ಹಾಕಲು ಐದು ನಿಮಿಷವೂ ಹಿಡಿಯಲಿಲ್ಲವಂತೆ. ನಾಲ್ಕು ಗಂಟೆಯ ಕರಾರಿನಿಂದ ಅಪ್ಪನ ಕೈತಪ್ಪಿದ ಆರ್ಡರುಗಳೂ ಇದ್ದವು. ಅಪ್ಪ ಅದರ ಬಗ್ಗೆ ಗೊಣಗುತ್ತಿದ್ದ, ಆದರೆ ಕರಾರು ಮುರಿಯಲಿಲ್ಲ.

ಪ್ರೆಸ್ ಸರಿಸಿದ ವಾರ ನಾನು ಅವರ ಬಾಗಿಲಿಗೆ ಹೋದೆ. ಏನು ಹೇಳಬೇಕೆಂದು ಮನೆಯಲ್ಲೇ ಸಾಲು ಜೋಡಿಸಿಕೊಂಡಿದ್ದೆ. "ಅಕ್ಕಾ, ಅವತ್ತು ಕಮಿಷನರ್ ಮೇಡಂ ಕೇಳಿದಾಗ ನಾನು..." ಅನ್ನುವಷ್ಟರಲ್ಲಿ ಅವರು, "ನಡಿ ನಡಿ, ನನ್ನ ನಿದ್ದಿ ಟೈಮ್ ಐತಿ. ಕೋರ್ಟಿನಾಗ ಬರದು ಕೊಟ್ಟಾರ" ಎಂದು ಬಾಗಿಲು ಹಾಕಿಕೊಂಡರು. ಸಿಟ್ಟಿತ್ತೋ, ನಗುತ್ತಿದ್ದರೋ, ಬಾಗಿಲ ಸಂದಿನಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. ಮತ್ತೊಂದು ದಿನ ಹೇಳಿದರಾಯಿತು ಅಂದುಕೊಂಡೆ. ಆ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಅವರ ತಾಯಿ ತೀರಿಕೊಂಡರು. ಅವರು ಹಗಲು ಡ್ಯೂಟಿಗೆ ಬದಲಾಯಿಸಿಕೊಂಡರು. ನನಗೆ ಮದುವೆಯಾಯಿತು. ಅವರು ಮನೆ ಮಾರಿ ತಮ್ಮನ ಜೊತೆ ಬೀದರಿಗೆ ಹೋದರು. ಅಪ್ಪ ತೀರಿಕೊಂಡಾಗ ಫೋನಿನಲ್ಲಿ ಅವ್ವನ ಜೊತೆ ಅತ್ತರು. ಆಗಲೂ ನಾನು ಪಕ್ಕದಲ್ಲೇ ಕೂತಿದ್ದೆ, ಫೋನ್ ಕೈಗೆ ತೆಗೆದುಕೊಳ್ಳಲಿಲ್ಲ.

ಹತ್ತಿ ತಂದ ಆ ಸಂಜೆ ಅವ್ವನ ಹಳೆಯ ಡೈರಿಯಲ್ಲಿ ನಂಬರ್ ಹುಡುಕಿ ಬೀದರಿಗೆ ಫೋನ್ ಮಾಡಿದೆ. ತೆಗೆದದ್ದು ಅವರ ತಮ್ಮ. ಯಾರೆಂದು ಹೇಳಿದ ಕೂಡಲೇ ಗುರುತು ಹಿಡಿದರು. ಅಕ್ಕ ಹೋಗಿ ಎರಡು ವರ್ಷ ಆತ್ರಿ, ಕಿಡ್ನಿ ಕೈ ಕೊಟ್ಟವು, ನಿಮಗ ತಿಳಸಬೇಕಿತ್ತು, ಮೊಬೈಲ್ ಬದಲಿ ಮಾಡಿದಾಗ ನಿಮ್ಮ ನಂಬರ್ ಹೋಗಿತ್ತು ಎಂದರು. ನಾನು ಡೈರಿ ಮುಚ್ಚಿಟ್ಟೆ. ಆಮೇಲೆ, ನಿಮ್ಮ ಅಕ್ಕ ನನ್ನ ಬಗ್ಗೆ ಹೇಳಿರಬೇಕು, ಆ ಕಮಿಷನರ್ ಬಂದ ದಿನದ್ದು... ಎಂದೆ.

ಅವರು ನಕ್ಕರು. "ಏ, ಆ ಮೇಡಂಗ ಕಿವಿ ಮಂದ ಇತ್ತು ಅಂತ ಹೇಳಿ ಹೇಳಿ ನಗತಿದ್ಲು ನೋಡ್ರಿ ನಮ್ಮ ಅಕ್ಕ. ನಿಮ್ಮ ಬಗ್ಗೆ ಏನೂ ಅಂದಿಲ್ಲಲ್ಲ?"

ಮೇಡಂಗೆ ಕಿವಿ ಚೆನ್ನಾಗೇ ಕೇಳಿಸುತ್ತಿತ್ತು, ಸುಳ್ಳು ಹೇಳಿದವಳು ನಾನು ಎಂದೆ. ಡೈ ಬದಲಿಸಿದ್ದು, ಆಕೆ ಕೇಳಿದ್ದು, ನಾನು ಉತ್ತರ ಕೊಟ್ಟದ್ದು ಎಲ್ಲ ಹೇಳಿದೆ. ಮನೆಯಲ್ಲಿ ಜೋಡಿಸಿಕೊಂಡಿದ್ದ ಸಾಲುಗಳು ಇಷ್ಟು ವರ್ಷವಾದರೂ ಹಾಗೇ ಇದ್ದವು, ಒಂದೂ ಮರೆತಿರಲಿಲ್ಲ.

ಆಮೇಲೆ ಅವರು ಮೆಲ್ಲಗೆ, "ಇರಲಿ ಬಿಡ್ರಿ. ಕೇಳಬೇಕಾದಾಕಿನ ಇಲ್ಲಲ್ಲ ಈಗ" ಅಂದರು.